ಕ್ಲೌಡ್ ಚೇಂಬರ್ ಕಟ್ಟುವುದು, ಗೆರೆ ಓದುವುದು

ಒಂದು ಸಣ್ಣ ಗಾಜಿನ ಅಕ್ವೇರಿಯಂ, ಒಂದು ಅಲ್ಯೂಮಿನಿಯಂ ತಗಡು, ಅಂಗೈಯಗಲದ ಫೆಲ್ಟ್ ಬಟ್ಟೆ, ಅರ್ಧ ಲೋಟ ಐಸೊಪ್ರೊಪೈಲ್ ಆಲ್ಕೋಹಾಲ್, ಮೂರು ಕಿಲೊ ಡ್ರೈ ಐಸ್, ಒಂದು ಎಲ್‌ಇಡಿ ಟಾರ್ಚ್. ಆಕಾಶದಿಂದ ಬೀಳುವ, ಎಲೆಕ್ಟ್ರಾನ್‌ನಂಥದೇ ಆದರೆ ಹೆಚ್ಚು ಭಾರದ ಮ್ಯೂಆನ್ ಕಣಗಳ ಗೆರೆಯನ್ನೂ ಪರಮಾಣುವಿನ ಬೀಜದಿಂದ ಹಾರಿಬಂದ ಆಲ್ಫಾ ಕಣದ ಗೆರೆಯನ್ನೂ ಬರಿಗಣ್ಣಿನಲ್ಲಿ ನೋಡಲು ಇಷ್ಟು ಸಾಕು. ಪಿಯು ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಕ್ಲೌಡ್ ಚೇಂಬರ್ ಎಂಬ ಈ ಪೆಟ್ಟಿಗೆ ಕಟ್ಟುವುದಕ್ಕಿಂತ ಅದರೊಳಗಿನ ಗೆರೆ ಓದುವುದು ಕಷ್ಟ. ಆದ್ದರಿಂದ ಈ ಲೇಖನದ ಅರ್ಧ ಭಾಗ ಓದುವುದಕ್ಕೇ ಮೀಸಲು.

ಪೆಟ್ಟಿಗೆಯೊಳಗೆ ನಡೆಯುವುದೇನು

ಮೇಲುಭಾಗದಲ್ಲಿ ಆಲ್ಕೋಹಾಲ್‌ನಲ್ಲಿ ನೆನೆದ ಫೆಲ್ಟ್ ಕೋಣೆಯ ಉಷ್ಣತೆಯಲ್ಲಿರುತ್ತದೆ. ತಳದ ತಗಡು ಡ್ರೈ ಐಸ್ ಮೇಲೆ ಕೂತಿರುತ್ತದೆ. ಡ್ರೈ ಐಸ್‌ನ ಉಷ್ಣತೆ ಮೈನಸ್ 78.5 ಡಿಗ್ರಿ ಸೆಲ್ಸಿಯಸ್. ಫೆಲ್ಟ್‌ನಿಂದ ಎದ್ದ ಆವಿ ಕೆಳಗಿಳಿಯುತ್ತ ತಣಿಯುತ್ತದೆ. ತಳದಿಂದ ಒಂದೆರಡು ಸೆಂಟಿಮೀಟರ್ ಎತ್ತರದೊಳಗೆ, ಆ ಉಷ್ಣತೆಯಲ್ಲಿ ಗಾಳಿ ಹಿಡಿದಿಡಬಲ್ಲದ್ದಕ್ಕಿಂತ ಬಹಳ ಹೆಚ್ಚು ಆವಿ ಸೇರಿಕೊಳ್ಳುತ್ತದೆ. ಇದು ಅತಿಸಂತೃಪ್ತ ಸ್ಥಿತಿ. ಹನಿಯಾಗಲು ಅದು ತುದಿಗಾಲಲ್ಲಿ ನಿಂತಿರುತ್ತದೆ, ಆದರೆ ಹನಿ ಕಟ್ಟಿಕೊಳ್ಳಲು ಒಂದು ನೆಲೆ ಬೇಕು. ವಿದ್ಯುದಾವೇಶವುಳ್ಳ ಕಣವೊಂದು ಹಾದುಹೋದರೆ ದಾರಿಯುದ್ದಕ್ಕೂ ಗಾಳಿಯ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಅಯಾನುಗಳನ್ನು ಬಿಟ್ಟುಹೋಗುತ್ತದೆ. ಆವಿ ಆ ಅಯಾನುಗಳ ಸುತ್ತ ಹನಿಗಟ್ಟುತ್ತದೆ. ನಮಗೆ ಕಾಣುವುದು ಆ ಹನಿಗಳ ಸಾಲು.

ಸ್ಕಾಟ್ಲೆಂಡಿನ ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ 1911ರಲ್ಲಿ ಮೊದಲ ಸಲ ಇಂಥ ಗೆರೆಗಳನ್ನು ನೋಡಿದ್ದು ಗಾಳಿಯನ್ನು ತಟ್ಟನೆ ಹಿಗ್ಗಿಸುವ ಪೆಟ್ಟಿಗೆಯಲ್ಲಿ. ಅದು ಕ್ಷಣಕಾಲ ಮಾತ್ರ ಕೆಲಸ ಮಾಡುತ್ತಿತ್ತು. ನಾವು ಕಟ್ಟುವುದು 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಲ್ಯಾಂಗ್ಸ್‌ಡಾರ್ಫ್ ರೂಪಿಸಿದ, ಆವಿ ತಾನಾಗಿ ಕೆಳಗಿಳಿಯುವ ಬಗೆ. ತಂಪು ಇರುವವರೆಗೂ ನಿರಂತರ ನಡೆಯುತ್ತದೆ.

ಸಾಮಾನು

ಪೆಟ್ಟಿಗೆ ಸುಮಾರು 20 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರವಿರಲಿ. ಎತ್ತರ 25 ಸೆಂ.ಮೀ. ದಾಟಿದರೆ ತಳಕ್ಕೆ ತಲುಪುವ ಆವಿ ಸಾಲುವುದಿಲ್ಲ. ಗಾಜೇ ಒಳ್ಳೆಯದು. ಅಕ್ರಿಲಿಕ್ ಹಾಳೆ ಆಲ್ಕೋಹಾಲ್ ತಾಗಿ ತಾಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಮಬ್ಬಾಗುತ್ತದೆ. ಅಕ್ವೇರಿಯಂ ಅನ್ನು ತಲೆಕೆಳಗು ಮಾಡಿ ತಗಡಿನ ಮೇಲೆ ಕವುಚುವುದರಿಂದ ಅದರ ತಳವೇ ನಮ್ಮ ಚಾವಣಿ.

ತಗಡು 2ರಿಂದ 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ, ಪೆಟ್ಟಿಗೆಗಿಂತ ಎಲ್ಲ ಕಡೆ ಎರಡು ಸೆಂ.ಮೀ. ದೊಡ್ಡದು. ಮೇಲ್ಮೈ ಕಪ್ಪಗಿರಬೇಕು, ಇಲ್ಲದಿದ್ದರೆ ಬಿಳಿ ಗೆರೆ ಕಾಣುವುದಿಲ್ಲ. ಕಪ್ಪು ಆನೊಡೈಸ್ ಮಾಡಿದ ತಗಡು ಸಿಕ್ಕರೆ ಅದಕ್ಕೆ ಸಮ ಇನ್ನೊಂದಿಲ್ಲ. ಸಿಗದಿದ್ದರೆ ಕಪ್ಪು ಇನ್ಸುಲೇಷನ್ ಟೇಪನ್ನು ಗುಳ್ಳೆಯಿಲ್ಲದಂತೆ ಪಕ್ಕಪಕ್ಕ ಅಂಟಿಸಿ. ಮಾಮೂಲಿ ಎನಾಮೆಲ್ ಬಣ್ಣ ಆಲ್ಕೋಹಾಲ್‌ನಲ್ಲಿ ಮೆತ್ತಗಾಗಿ ಏಳುತ್ತದೆ. ದಪ್ಪ ಚಾರ್ಟ್ ಪೇಪರ್ ಹಾಸಿದರೆ ಅದೇ ತಂಪಿಗೆ ಕಂಬಳಿಯಾಗುತ್ತದೆ.

ಐಸೊಪ್ರೊಪೈಲ್ ಆಲ್ಕೋಹಾಲ್ ಕನಿಷ್ಠ 99 ಶೇಕಡಾ ಶುದ್ಧವಿರಬೇಕು. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯಲ್ಲಿ ಸರ್ಕ್ಯೂಟ್ ಬೋರ್ಡ್ ತೊಳೆಯಲೆಂದು ಮಾರುವುದು ಇದೇ. ಪ್ರಯೋಗ ಕೆಡುವ ಕಾರಣಗಳಲ್ಲಿ ಮೊದಲನೆಯದು ಕೈಗೆ ಹಚ್ಚುವ ಸ್ಯಾನಿಟೈಜರ್ ಅಥವಾ 70 ಶೇಕಡಾ ದ್ರಾವಣ ಬಳಸುವುದು. ಅದರಲ್ಲಿನ ನೀರು ಆಲ್ಕೋಹಾಲ್‌ನ ಆವಿಯನ್ನು ಕಡಿಮೆ ಮಾಡುತ್ತದೆ, ತಳದಲ್ಲಿ ಹೆಪ್ಪುಗಟ್ಟಿ ಬೆಳ್ಳಗೆ ಕೂರುತ್ತದೆ.

ಫೆಲ್ಟ್ 4–5 ಮಿ.ಮೀ. ದಪ್ಪ. ಚಾವಣಿಯ ನಡುಭಾಗ ಖಾಲಿ ಬಿಟ್ಟು ಸುತ್ತ ಅಂಚಿಗೆ ಮೂರು ಸೆಂ.ಮೀ. ಅಗಲದ ಪಟ್ಟಿಗಳನ್ನು ಕೂರಿಸಿ, ಮೇಲಿನಿಂದ ನೋಡಲು ಕಿಟಕಿ ಉಳಿಯಲಿ. ಗೋಂದಿನಿಂದ ಅಂಟಿಸಬೇಡಿ. ಹೆಚ್ಚಿನ ಗೋಂದುಗಳು ಆಲ್ಕೋಹಾಲ್‌ಗೆ ಬಿಟ್ಟುಕೊಂಡು, ಅರ್ಧ ಪ್ರಯೋಗದಲ್ಲಿ ಒದ್ದೆ ಬಟ್ಟೆ ತಗಡಿನ ಮೇಲೆ ಬೀಳುತ್ತದೆ. ಗಾಜಿನ ಒಳಗೊಂದು ಹೊರಗೊಂದು ಸಣ್ಣ ಅಯಸ್ಕಾಂತ ಇಟ್ಟು ನಡುವೆ ಫೆಲ್ಟ್ ಸಿಕ್ಕಿಸುವುದು ನಂಬಬಹುದಾದ ಉಪಾಯ.

ಅಂಚು ಮುಚ್ಚಲು ಮಕ್ಕಳಾಡುವ ಎಣ್ಣೆ ಜೇಡಿ. ಚಪಾತಿ ಹಿಟ್ಟಿನ ಕಣಕ ಬೇಡ, ಅದರಲ್ಲಿ ನೀರಿದೆ.

ಡ್ರೈ ಐಸ್

ಔಷಧ ಮತ್ತು ಹೆಪ್ಪುಗಟ್ಟಿಸಿದ ಆಹಾರ ಸಾಗಿಸುವವರಿಗೆ ಸರಬರಾಜು ಮಾಡುವ ವ್ಯಾಪಾರಿಗಳು ದೊಡ್ಡ ಊರುಗಳಲ್ಲಿದ್ದಾರೆ. ಪ್ರಯೋಗದ ದಿನವೇ ತನ್ನಿ. ಥರ್ಮೋಕೋಲ್ ಡಬ್ಬದಲ್ಲಿಟ್ಟರೂ ಅದು ದಿನದೊಳಗೆ ಬಹುಪಾಲು ಆವಿಯಾಗುತ್ತದೆ. ಬಿಲ್ಲೆಯಾಗಿ ಸಿಕ್ಕರೆ ಒಳ್ಳೆಯದು. ಗುಳಿಗೆ ಸಿಕ್ಕರೆ ದಪ್ಪ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಪುಡಿಮಾಡಿ ಸಮವಾಗಿ ಹರಡಿ. ತಗಡಿನ ಕೆಳಗೆ ಗಾಳಿಯ ಸಂದು ಉಳಿದರೆ ಅಲ್ಲಿ ತಂಪು ಏರುವುದಿಲ್ಲ.

ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟಂತೆ ಹೆಪ್ಪುಗಟ್ಟುತ್ತದೆ. ಚರ್ಮದ ಅಥವಾ ದಪ್ಪ ಉಣ್ಣೆಯ ಕೈಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಒಂದು ಕಿಲೊ ಡ್ರೈ ಐಸ್ 500 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಅನಿಲವಾಗುತ್ತದೆ. ಬಿಗಿ ಮುಚ್ಚಳದ ಬಾಟಲಿ, ಫ್ಲಾಸ್ಕ್, ಫ್ರಿಜ್ ಯಾವುದರಲ್ಲೂ ಇಡಬೇಡಿ, ಒತ್ತಡ ಏರಿ ಸಿಡಿಯುತ್ತದೆ. ಕಾರಿನಲ್ಲಿ ತರುವಾಗ ಕಿಟಕಿ ತೆರೆದಿರಲಿ. ಕೋಣೆಯ ಕಿಟಕಿಯೂ ತೆರೆದಿರಲಿ, ಆದರೆ ಪೆಟ್ಟಿಗೆಗೆ ನೇರ ಗಾಳಿ ಬಡಿಯದಿರಲಿ. ಈ ಅನಿಲ ಗಾಳಿಗಿಂತ ಭಾರ, ನೆಲದ ಹತ್ತಿರ ನಿಲ್ಲುತ್ತದೆ. ಚಿಕ್ಕ ಮಕ್ಕಳನ್ನು ಕೆಳಗೆ ಕೂರಿಸಬೇಡಿ. ಉಳಿದದ್ದನ್ನು ಬಚ್ಚಲಿಗೆ ಸುರಿಯದೆ ಬಯಲಿನಲ್ಲಿ, ಯಾರೂ ಮುಟ್ಟದ ಕಡೆ ಬಿಟ್ಟರೆ ತಾನೇ ಮಾಯವಾಗುತ್ತದೆ.

ಆಲ್ಕೋಹಾಲ್ ಆವಿ ಹೊತ್ತಿಕೊಳ್ಳುವಂಥದು, 12 ಡಿಗ್ರಿಗೇ ಅದಕ್ಕೆ ಬೆಂಕಿ ಹತ್ತಬಹುದು. ಸುತ್ತಮುತ್ತ ದೀಪ, ಊದಿನಕಡ್ಡಿ, ಗ್ಯಾಸ್ ಒಲೆ ಇರಕೂಡದು. ಊದಿನಕಡ್ಡಿಯ ಹೊಗೆಯಿಂದ ಬೇರೊಂದು ಕಾಟವೂ ಇದೆ: ಹೊಗೆಯ ಕಣಗಳ ಮೇಲೆಯೇ ಹನಿ ಕಟ್ಟಿ ಗೆರೆಗೆ ಆವಿ ಉಳಿಯುವುದಿಲ್ಲ.

ಕಟ್ಟಿ ನಡೆಸುವ ಕ್ರಮ

1. ಗಾಜನ್ನೂ ತಗಡನ್ನೂ ಆಲ್ಕೋಹಾಲ್‌ನಿಂದ ಒರೆಸಿ. ಎಳೆ ಬಿಡದ ಬಟ್ಟೆ ಬಳಸಿ.

2. ಥರ್ಮೋಕೋಲ್ ತಟ್ಟೆಯಲ್ಲಿ ಎರಡು ಮೂರು ಸೆಂ.ಮೀ. ದಪ್ಪಕ್ಕೆ ಡ್ರೈ ಐಸ್ ಹರಡಿ, ಮೇಲೆ ತಗಡನ್ನು ಒತ್ತಿ ಕೂರಿಸಿ. ಮಟ್ಟವಾಗಿದೆಯೇ ನೋಡಿ. ಓರೆಯಾಗಿದ್ದರೆ ಆಲ್ಕೋಹಾಲ್ ಒಂದು ಮೂಲೆಗೆ ಹರಿಯುತ್ತದೆ. ತಗಡು ಮೊದಲು ಕಿರುಗುಟ್ಟುತ್ತದೆ, ಹೆದರಬೇಡಿ. ಅದು ಅನಿಲ ನುಗ್ಗಿ ಹೊರಬರುವ ಸದ್ದು.

3. ಫೆಲ್ಟ್ ಪಟ್ಟಿಗಳಿಗೆ 30–40 ಮಿ.ಲೀ. ಆಲ್ಕೋಹಾಲ್ ಸುರಿಯಿರಿ. ತೊಟ್ಟಿಕ್ಕಬಾರದು, ಹಿಂಡಿದರೆ ಹನಿ ಬರುವಂತಿರಬೇಕು. ತಗಡಿನ ಮೇಲೂ ಹತ್ತು ಮಿ.ಲೀ. ಹರಡಿ. ಆ ತೆಳುಪದರ ಕಪ್ಪು ಕನ್ನಡಿಯಂತಾಗಿ ಹಿನ್ನೆಲೆ ಇನ್ನಷ್ಟು ಗಾಢವಾಗುತ್ತದೆ.

4. ಪೆಟ್ಟಿಗೆ ಕವುಚಿ ಅಂಚಿಗೆ ಜೇಡಿ ಮೆತ್ತಿ. ಬೆರಳಿನಿಂದ ಸುತ್ತ ಒತ್ತುತ್ತ ಬನ್ನಿ. ಮಳೆಗಾಲದಲ್ಲಿ ಈ ಹೆಜ್ಜೆ ಸಡಿಲವಾದರೆ ಹೊರಗಿನ ತೇವ ಒಳನುಗ್ಗಿ ತಗಡಿನ ಮೇಲೆ ಮಂಜುಗಡ್ಡೆಯ ಹೂವು ಅರಳುತ್ತದೆ.

5. ಚಾವಣಿಯ ಮೇಲೆ ಉಗುರುಬೆಚ್ಚಗಿನ ನೀರಿರುವ, ಸುಮಾರು 40 ಡಿಗ್ರಿಯ, ಒಂದು ಚಪ್ಪಟೆ ಪಾತ್ರೆ ಇಡಿ. ಆವಿ ಚುರುಕಾಗುತ್ತದೆ.

6. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಕ್ಕದಿಂದ, ತಗಡಿಗೆ ಬಹುತೇಕ ಸಮಾನಾಂತರವಾಗಿ, ತಳದ ಒಂದು ಸೆಂ.ಮೀ. ಎತ್ತರದಲ್ಲಿ ಹಾಯಿಸಿ. ಟಾರ್ಚ್ ಹಿಂದೆ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಸಣ್ಣ ಹನಿಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚದುರಿಸುತ್ತವೆ. ಎದುರು ಬದಿಯಿಂದ ಓರೆಯಾಗಿ, ಬೆಳಕು ನೇರ ಕಣ್ಣಿಗೆ ಹೊಡೆಯದಂತೆ ನೋಡಿ.

ಈಗ ಹತ್ತರಿಂದ ಹದಿನೈದು ನಿಮಿಷ ಕಾಯಿರಿ. ಮೊದಲು ತಳದ ಹತ್ತಿರ ಸೋನೆಯಂತೆ ಹನಿ ಉದುರುತ್ತಿರುವುದು ಕಾಣುತ್ತದೆ. ಗಾಳಿಯಲ್ಲಿದ್ದ ಧೂಳು ಹನಿಗಳಲ್ಲಿ ಸೇರಿ ನೆಲ ಕಚ್ಚುತ್ತಿರುತ್ತದೆ. ಸೋನೆ ತೆಳುವಾಗುತ್ತಿದ್ದಂತೆ ಗೆರೆಗಳು ಶುರು. ಒಂದೊಂದು ಗೆರೆ ಒಂದೆರಡು ಸೆಕೆಂಡು ಇದ್ದು ಚೆದುರುತ್ತ ಕೆಳಗಿಳಿಯುತ್ತದೆ.

ಡ್ರೈ ಐಸ್ ಸಿಗದ ಊರಿನವರು ಉಪ್ಪು ಬೆರೆಸಿದ ಮಂಜುಗಡ್ಡೆಯಿಂದ ಪ್ರಯತ್ನಿಸುವುದುಂಟು. ಅದು ಮೈನಸ್ 21ರವರೆಗೆ ಮಾತ್ರ ಇಳಿಯುತ್ತದೆ, ಸಾಲದು. ವಿದ್ಯುತ್ ಹರಿಸಿದರೆ ಒಂದು ಬದಿ ತಣಿದು ಇನ್ನೊಂದು ಬದಿ ಬಿಸಿಯಾಗುವ ಪೆಲ್ಟಿಯರ್ ಫಲಕಗಳೆರಡನ್ನು ಒಂದರ ಮೇಲೊಂದು ಕೂರಿಸಿ, ಬಿಸಿ ಬದಿಯನ್ನು ಹರಿಯುವ ನೀರಿನಿಂದ ತಣಿಸುತ್ತ, ಅಂಗೈಗಿಂತ ಚಿಕ್ಕ ಚೇಂಬರ್ ಮಾಡಬಹುದು. ಅದರ ಕಷ್ಟಗಳೇ ಬೇರೆ, ಇಲ್ಲಿ ಅದರ ವಿವರಕ್ಕೆ ಹೋಗುವುದಿಲ್ಲ.

ಗೆರೆ ಕಾಣದಿದ್ದರೆ

ಸೋನೆಯೇ ಇಲ್ಲವೆಂದರೆ ತಳ ತಣಿದಿಲ್ಲ ಅಥವಾ ಆವಿ ಸಾಲದು. ತಗಡನ್ನು ಮತ್ತೆ ಒತ್ತಿ ಕೂರಿಸಿ, ಫೆಲ್ಟ್ ಮುಟ್ಟಿ ನೋಡಿ, ಮೇಲಿನ ನೀರು ಬದಲಿಸಿ. ಸೋನೆಯಿದ್ದು ಗೆರೆಯಿಲ್ಲವೆಂದರೆ ಹೆಚ್ಚಿನ ಸಲ ತಪ್ಪು ಬೆಳಕಿನ ಕೋನದ್ದು. ಟಾರ್ಚನ್ನು ಅರ್ಧರ್ಧ ಸೆಂ.ಮೀ. ಮೇಲೆ ಕೆಳಗೆ ಸರಿಸಿ. ಮಂಜು ಸುಳಿಸುಳಿಯಾಗಿ ತಿರುಗುತ್ತಿದ್ದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ಪಕ್ಕದ ಗೋಡೆ ಬಿಸಿಯಾಗಿದೆ. ಹಳೆಯ ಹ್ಯಾಲೊಜನ್ ದೀಪ ಬಳಸಿದರೆ ಹೀಗಾಗುವುದು ಸಾಮಾನ್ಯ. ಎಲ್ಲ ಕಡೆ ದಟ್ಟ ಮಬ್ಬು ಕವಿದಿದ್ದರೆ ಹಳೆಯ ಅಯಾನುಗಳು ತೆರವಾಗದೆ ಉಳಿದಿವೆ. ಒಂದು ಪಿವಿಸಿ ಪೈಪನ್ನು ಉಣ್ಣೆ ಬಟ್ಟೆಯಿಂದ ಜೋರಾಗಿ ಉಜ್ಜಿ ಚಾವಣಿಯ ಮೇಲೆ ಹಿಡಿಯಿರಿ. ಅದರ ವಿದ್ಯುತ್ ಕ್ಷೇತ್ರ ಅಯಾನುಗಳನ್ನು ಎಳೆದು ಜಾಗ ಖಾಲಿ ಮಾಡುತ್ತದೆ, ಮುಂದಿನ ಗೆರೆಗಳು ಚೊಕ್ಕವಾಗಿ ಮೂಡುತ್ತವೆ.

ಮೂರು ಬಗೆಯ ಗೆರೆ

ದಪ್ಪಗೆ, ನೆಟ್ಟಗೆ, ಮೂರ್ನಾಲ್ಕು ಸೆಂ.ಮೀ. ಉದ್ದಕ್ಕೆ, ರಂಗೋಲಿ ಪುಡಿಯಲ್ಲಿ ಒಂದೇ ಬಾರಿಗೆ ಎಳೆದಂತಿದ್ದರೆ ಆಲ್ಫಾ ಕಣ. 50 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಆಲ್ಫಾ, ಗಾಳಿಯಲ್ಲಿ ಒಂದು ಅಯಾನು ಜೋಡಿಗೆ ಸುಮಾರು 34 ಎಲೆಕ್ಟ್ರಾನ್ ವೋಲ್ಟ್‌ನಂತೆ ಖರ್ಚು ಮಾಡುತ್ತ, ಒಟ್ಟು ಒಂದೂವರೆ ಲಕ್ಷ ಜೋಡಿಗಳನ್ನು ಆ ಗೇಣಿಗಿಂತ ಕಿರಿದಾದ ದಾರಿಯಲ್ಲೇ ಬಿತ್ತಿ ನಿಲ್ಲುತ್ತದೆ. ಅದಕ್ಕೇ ಆ ದಪ್ಪ. ಹೊರಗಿನ ಆಲ್ಫಾ ಗಾಜನ್ನು ದಾಟಿ ಬರಲಾರದು. ಆದ್ದರಿಂದ ಕಣ ಹೊಮ್ಮಿಸುವ ಮೂಲವಸ್ತು ಏನೂ ಇಡದೆ ಆಲ್ಫಾ ಕಂಡರೆ ಅದು ಹೆಚ್ಚಾಗಿ ಪೆಟ್ಟಿಗೆಯ ಗಾಳಿಯಲ್ಲೇ ಇದ್ದ ರೇಡಾನ್ ಎಂಬ ವಿಕಿರಣಶೀಲ ಅನಿಲದ್ದು ಅಥವಾ ಅದು ಒಡೆದು ಹುಟ್ಟಿದ ಪರಮಾಣುಗಳದು.

ತೆಳ್ಳಗೆ, ಸೊಟ್ಟಸೊಟ್ಟಗೆ, ಅಲ್ಲಲ್ಲಿ ತಟ್ಟನೆ ತಿರುಗುವ ಗೆರೆ ನಿಧಾನಗತಿಯ ಎಲೆಕ್ಟ್ರಾನ್. ಹಗುರ ಕಣ, ದಾರಿಯ ಪ್ರತಿ ಪರಮಾಣುವೂ ಅದನ್ನು ಅತ್ತಿತ್ತ ನೂಕುತ್ತದೆ.

ತೆಳ್ಳಗಿದ್ದೂ ನೆಟ್ಟಗೆ ಪೆಟ್ಟಿಗೆಯನ್ನೇ ಅಡ್ಡ ಹಾಯುವ ಗೆರೆ ಮ್ಯೂಆನ್ ಇರಬಹುದು. ‘ಇರಬಹುದು’ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ವೇಗದ ಎಲೆಕ್ಟ್ರಾನ್ ಕೂಡ ಇಂಥದೇ ಗೆರೆ ಬಿಡುತ್ತದೆ, ಒಂದು ಗೆರೆಯನ್ನು ನೋಡಿ ಇವೆರಡನ್ನು ಬೇರ್ಪಡಿಸಲಾಗದು. ಅಯಸ್ಕಾಂತ ಇಟ್ಟರೆ ಮ್ಯೂಆನ್ ಬಾಗುತ್ತದೆ ಎಂದು ಕೆಲವರು ಕಾಯುತ್ತಾರೆ. ಲೆಕ್ಕ ಹಾಕಿ: ನೆಲಮಟ್ಟದ ಮ್ಯೂಆನ್‌ನ ಸರಾಸರಿ ಶಕ್ತಿ ಸುಮಾರು 400 ಕೋಟಿ ಎಲೆಕ್ಟ್ರಾನ್ ವೋಲ್ಟ್. 0.1 ಟೆಸ್ಲಾ ಕ್ಷೇತ್ರದಲ್ಲಿ ಅದರ ದಾರಿಯ ತ್ರಿಜ್ಯ ನೂರು ಮೀಟರಿಗೂ ಹೆಚ್ಚು. ಹತ್ತು ಸೆಂ.ಮೀ. ಗೆರೆಯಲ್ಲಿ ಬಾಗು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಕಾಣುವುದಿಲ್ಲ. ಗೆರೆ ನಡುವೆ ಮುರಿದಂತೆ ತಿರುಗಿದರೆ ‘ಮ್ಯೂಆನ್ ಕ್ಷಯಿಸಿತು’ ಎಂದು ಬರೆದುಕೊಳ್ಳುವುದೂ ಆತುರ. ಬಹುತೇಕ ಎಲ್ಲ ಸಲವೂ ಅದು ಚದುರಿದ ಎಲೆಕ್ಟ್ರಾನ್.

ಇನ್ನೊಂದು ಗೊಂದಲ ಎಣಿಕೆಯದು. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಎಂಬ ಲೆಕ್ಕದಲ್ಲಿ ನಮ್ಮ 400 ಚದರ ಸೆಂ.ಮೀ. ತಳಕ್ಕೆ ನಿಮಿಷಕ್ಕೆ 400 ಬೀಳಬೇಕು. ಅಷ್ಟು ಉದ್ದ ಗೆರೆಗಳು ಎಂದೂ ಕಾಣವು. ಹೆಚ್ಚಿನ ಮ್ಯೂಆನ್‌ಗಳು ಮೇಲಿನಿಂದ ನೇರ ಬೀಳುತ್ತವೆ, ಗೆರೆ ಮೂಡುವ ಪದರ ಮಾತ್ರ ಒಂದೆರಡು ಸೆಂ.ಮೀ. ದಪ್ಪ. ಮೇಲಿನಿಂದ ನೋಡುವವರಿಗೆ ಅವು ಬರೀ ಚುಕ್ಕೆ. ಉದ್ದಕ್ಕೆ ಕಾಣುವುದು ಓರೆಯಾಗಿ ಬಂದ ಕೆಲವೇ ಕಣಗಳು.

ಈ ಮ್ಯೂಆನ್‌ಗಳು ಸುಮಾರು 15 ಕಿ.ಮೀ. ಎತ್ತರದಲ್ಲಿ ಹುಟ್ಟುತ್ತವೆ. ಅವುಗಳ ಸರಾಸರಿ ಆಯುಷ್ಯ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ 660 ಮೀಟರ್ ಮಾತ್ರ ದಾಟಬೇಕು. ಅವು ನಿಮ್ಮ ಪೆಟ್ಟಿಗೆ ತಲುಪಿದ್ದೇ ವೇಗವಾಗಿ ಚಲಿಸುವುದರ ಕಾಲ ನಿಧಾನವಾಗುತ್ತದೆ ಎಂಬ ಸಾಪೇಕ್ಷತೆಯ ಮಾತಿಗೆ ಸಾಕ್ಷಿ. ನೆಲದೊಳಗೂ ಅವು ಬಹಳ ದೂರ ನುಗ್ಗುತ್ತವೆ. ಎಷ್ಟು ದೂರ ಎಂದು ಅಳೆದ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿ ಮುಖ್ಯವಾದದ್ದು. ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1951ರಲ್ಲಿ ಅಲ್ಲಿ ಅಳತೆ ಆರಂಭಿಸಿದರು. ಆಳಕ್ಕಿಳಿದಂತೆ ಎಣಿಕೆ ಕುಸಿಯುತ್ತ ಹೋಯಿತು, ಅತಿ ಆಳದಲ್ಲಿ ವಾರಗಟ್ಟಲೆ ಕಾದರೂ ಒಂದೂ ಬರಲಿಲ್ಲ. ಆ ನಿಶ್ಶಬ್ದವೇ ಬೇಕಾಗಿತ್ತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ತಂಡ ಸುಮಾರು 2.3 ಕಿ.ಮೀ. ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಬಂಡೆಗೆ ತಾಗಿ ಹುಟ್ಟಿಸಿದ ಮ್ಯೂಆನ್ ಗುರುತಿಸಿತು. ನ್ಯೂಟ್ರಿನೊ ನಿಮ್ಮ ಚೇಂಬರ್‌ನಲ್ಲೂ ಸದಾ ಹಾಯುತ್ತಿರುತ್ತದೆ. ಅದಕ್ಕೆ ಆವೇಶವಿಲ್ಲ, ಗೆರೆ ಬಿಡುವುದಿಲ್ಲ.

ಗೆರೆ ಏಕೆ ನೆಟ್ಟಗಿದೆ

ಕ್ವಾಂಟಮ್ ಸಿದ್ಧಾಂತ ಓದಿದವರು ಇಲ್ಲಿ ತಡವರಿಸಬೇಕು, ತಡವರಿಸಿದರೆ ಒಳ್ಳೆಯದು. ಬೀಜದಿಂದ ಸುರಂಗಿಸಿ, ಅಂದರೆ ಶಕ್ತಿ ಸಾಲದಿದ್ದರೂ ತಡೆಯನ್ನು ತೂರಿ, ಹೊರಬರುವ ಆಲ್ಫಾದ ತರಂಗ ಎಲ್ಲ ದಿಕ್ಕಿಗೂ ಗೋಳಾಕಾರವಾಗಿ ಹರಡುತ್ತದೆ. ಹಾಗಾದರೆ ಎಲ್ಲೆಡೆ ಚೆಲ್ಲಿದ ಹನಿಗಳ ಬದಲು ಒಂದೇ ಗೆರೆ ಏಕೆ? 1929ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ನೆವಿಲ್ ಮಾಟ್ ಉತ್ತರ ಕೊಟ್ಟರು. ಆಲ್ಫಾವನ್ನು ಮಾತ್ರ ಲೆಕ್ಕಕ್ಕೆ ಹಿಡಿಯದೆ, ದಾರಿಯ ಪರಮಾಣುಗಳನ್ನೂ ಸೇರಿಸಿ ಒಂದೇ ತರಂಗವಾಗಿ ಬರೆಯಿರಿ. ಆಗ ಎರಡು ಪರಮಾಣುಗಳು ಎರಡೂ ಅಯಾನಾಗುವ ಸಂಭವ ಗಣನೀಯವಾಗುವುದು ಅವು ಬೀಜದೊಂದಿಗೆ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದಾಗ ಮಾತ್ರ. ಮೊದಲ ಹನಿ ಯಾವ ದಿಕ್ಕಿನಲ್ಲಿ ಎಂಬುದು ಆಕಸ್ಮಿಕ. ಉಳಿದ ಹನಿಗಳು ಆ ದಿಕ್ಕನ್ನೇ ಹಿಡಿಯುತ್ತವೆ.

ಎಲೆಕ್ಟ್ರಾನ್ ಸೊಟ್ಟಗೆ ಓಡುವುದಕ್ಕೆ ಹೈಸನ್‌ಬರ್ಗ್‌ನ ಅನಿಶ್ಚಿತತೆ ಕಾರಣ ಎಂಬ ವಿವರಣೆ ತರಗತಿಗಳಲ್ಲಿ ಕೇಳಿಬರುತ್ತದೆ. ಅದು ತಪ್ಪು. ಕಣದ ಜಾಗವನ್ನು ಒಂದು ಮೈಕ್ರಾನ್‌ಗೆ ಕಟ್ಟಿಹಾಕಿದರೆ ಸಂವೇಗದ ಅನಿಶ್ಚಿತತೆ, ಬೆಳಕಿನ ವೇಗದಿಂದ ಗುಣಿಸಿ ಹೇಳುವುದಾದರೆ, ಕನಿಷ್ಠ 0.1 ಎಲೆಕ್ಟ್ರಾನ್ ವೋಲ್ಟ್. 10 ಸಾವಿರ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನಿಧಾನ ಎಲೆಕ್ಟ್ರಾನ್‌ನ ಸಂವೇಗ ಅದೇ ಅಳತೆಯಲ್ಲಿ ಸುಮಾರು ಒಂದು ಲಕ್ಷ. ಹತ್ತು ಲಕ್ಷದಲ್ಲಿ ಒಂದು ಪಾಲಿನ ಅನಿಶ್ಚಿತತೆ ಗೆರೆಯನ್ನು ಬಾಗಿಸದು. ಬಾಗಿಸುವುದು ಪರಮಾಣುಗಳ ಜತೆಗಿನ ಡಿಕ್ಕಿಗಳು. ಈ ಪೆಟ್ಟಿಗೆಯಲ್ಲಿ ಕ್ವಾಂಟಮ್ ಆಕಸ್ಮಿಕತೆ ಕಣ್ಣಿಗೆ ಬೀಳುವುದು ಬೇರೆ ಕಡೆ: ಯಾವ ಬೀಜ ಯಾವ ಕ್ಷಣಕ್ಕೆ ಒಡೆಯುತ್ತದೆ ಎಂಬಲ್ಲಿ. ಅದನ್ನು ಎಣಿಸಿಯೇ ನೋಡಬಹುದು.

ಮೂಲವಸ್ತು ಇಟ್ಟು ಎಣಿಸುವುದು

ಹೊಗೆ ಪತ್ತೆ ಮಾಡುವ ಉಪಕರಣ ಒಡೆದು ಅದರೊಳಗಿನ ವಿಕಿರಣಶೀಲ ಅಮೆರಿಸಿಯಂ ತೆಗೆಯಬೇಡಿ. ಅದು ಅಪಾಯ, ನಿಯಮಕ್ಕೂ ವಿರುದ್ಧ. ಕೆಂಪು ತುದಿಯ ಥೋರಿಯಂ ವೆಲ್ಡಿಂಗ್ ಕಡ್ಡಿಯನ್ನು ಉಜ್ಜದೆ, ಮಸೆಯದೆ ಇದ್ದಂತೆಯೇ ಬಳಸಬಹುದು. ಮಸೆದ ಪುಡಿ ಉಸಿರಿಗೆ ಹೋಗಬಾರದು. ಬೀಟಾ, ಅಂದರೆ ಬೀಜದಿಂದ ಹಾರಿಬರುವ ಎಲೆಕ್ಟ್ರಾನ್, ಬೇಕಿದ್ದರೆ ಗೊಬ್ಬರದ ಅಂಗಡಿಯ ಪೊಟ್ಯಾಷ್ ಸಾಕು. ಪ್ರಕೃತಿಯ ಪೊಟ್ಯಾಸಿಯಂನಲ್ಲಿ 0.0117 ಶೇಕಡಾ ವಿಕಿರಣಶೀಲ ಪೊಟ್ಯಾಸಿಯಂ-40 ಇದೆ, ಅದರ ಅರ್ಧಾಯು, ಅಂದರೆ ಅರ್ಧದಷ್ಟು ಬೀಜಗಳು ಒಡೆಯಲು ಹಿಡಿಯುವ ಕಾಲ, 125 ಕೋಟಿ ವರ್ಷ. ಹತ್ತು ಗ್ರಾಂ ಪೊಟ್ಯಾಷ್‌ನಲ್ಲಿ ಸೆಕೆಂಡಿಗೆ 150ಕ್ಕೂ ಹೆಚ್ಚು ಬೀಜಗಳು ಒಡೆಯುತ್ತವೆ. ತೆಳು ಪ್ಲಾಸ್ಟಿಕ್ ಚೀಲದಲ್ಲಿ ಒಂದೇ ಪದರವಾಗಿ ಹರಡಿ ಇಡಿ. ರಾಶಿ ಹಾಕಿದರೆ ಒಳಗಿನ ಬೀಟಾ ಹೊರಬರುವುದಿಲ್ಲ.

ಎಲ್ಲಕ್ಕಿಂತ ಸೊಗಸಾದದ್ದು ಬಲೂನು. ಉಬ್ಬಿಸಿದ ರಬ್ಬರ್ ಬಲೂನನ್ನು ಉಣ್ಣೆಯಿಂದ ಚೆನ್ನಾಗಿ ಉಜ್ಜಿ, ನೆಲಮಹಡಿಯ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಆರಿಸಿ, ದಾರದಿಂದ ಒಂದು ಗಂಟೆ ತೂಗುಬಿಡಿ. ನೆಲದಿಂದ ಒಸರಿದ ರೇಡಾನ್ ಒಡೆದು ಹುಟ್ಟುವ ಪೊಲೋನಿಯಂ, ಸೀಸದ ಪರಮಾಣುಗಳಿಗೆ ಧನ ಆವೇಶವಿರುತ್ತದೆ. ಬಲೂನಿನ ಋಣ ಆವೇಶ ಅವನ್ನು ಸೆಳೆಯುತ್ತದೆ. ಮಳೆಗಾಲದ ತೇವದಲ್ಲಿ ಆವೇಶ ನಿಲ್ಲದು. ಚಳಿಗಾಲದ ಒಣ ದಿನ ಆರಿಸಿ.

ಗಂಟಿನ ಬಳಿ ಟೇಪ್ ಅಂಟಿಸಿ ಸೂಜಿ ಚುಚ್ಚಿ ನಿಧಾನ ಗಾಳಿ ಬಿಡಿ. ಹೊರಮೈಯ ಎರಡು ಸೆಂ.ಮೀ. ತುಂಡನ್ನು ತಂತಿಯ ತುದಿಗೆ ಸಿಕ್ಕಿಸಿ, ಜೇಡಿಯ ಅಂಚಿನ ಮೂಲಕ ತೂರಿಸಿ, ತಗಡಿನಿಂದ ಅರ್ಧ ಸೆಂ.ಮೀ. ಮೇಲೆ ನಿಲ್ಲಿಸಿ. ಪೆಟ್ಟಿಗೆ ಎತ್ತಬೇಡಿ. ಎತ್ತಿದರೆ ಆವಿ ಮತ್ತೆ ನೆಲೆಗೊಳ್ಳಲು ಹತ್ತು ನಿಮಿಷ ಬೇಕು, 3.1 ನಿಮಿಷ ಅರ್ಧಾಯುವಿನ ಪೊಲೋನಿಯಂ-218 ಅಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ತುಂಡಿನಿಂದ ದಪ್ಪ ಗೆರೆಗಳು ಸಿಡಿಯತೊಡಗುತ್ತವೆ.

ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ, ಫೋಕಸ್ ಕೈಯಾರೆ ಕಟ್ಟಿ, ವಿಡಿಯೊ ತೆಗೆಯಿರಿ. ನಂತರ ನಿಧಾನ ಓಡಿಸುತ್ತ ಐದೈದು ನಿಮಿಷದ ಎಣಿಕೆ ಬರೆಯಿರಿ. ಎಣಿಕೆಯ ವರ್ಗಮೂಲವೇ ಅದರ ತೂಗಾಟ: 64 ಬಂದರೆ 8 ಅತ್ತಿತ್ತ, 16 ಬಂದರೆ 4. ಪಕ್ಕಪಕ್ಕದ ಎರಡು ಎಣಿಕೆ ಇಷ್ಟರೊಳಗೆ ಏರಿಳಿದರೆ ಅದನ್ನು ದೋಷವೆಂದು ತಿದ್ದಬೇಡಿ. ಬಿಡಿ ಬಿಡಿ ಗೆರೆ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಆದರೂ ಗ್ರಾಫ್ ಹಾಕಿದರೆ ಮೊದಲ ಕೆಲವು ನಿಮಿಷ ಚುರುಕಾಗಿ, ಆಮೇಲೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಗೊಮ್ಮೆ ಅರ್ಧವಾಗುತ್ತ ಇಳಿಯುವುದು ಕಾಣುತ್ತದೆ. ಆ ನಡಿಗೆಯನ್ನು ನಿರ್ಧರಿಸುವುದು 27 ನಿಮಿಷದ ಸೀಸ-214 ಮತ್ತು 20 ನಿಮಿಷದ ಬಿಸ್ಮತ್-214. ನಾಲ್ಕು ಗಂಟೆ ಕಳೆದು ಅದೇ ತುಂಡನ್ನು ಮತ್ತೆ ಒಳಗಿಟ್ಟರೆ ಗೆರೆಗಾಗಿ ಬಹಳ ಹೊತ್ತು ಕಾಯಬೇಕು.